ಕೆಂಡಿಯ ಕೆನ್ನೆ

"ಕೆಂಡಿ!"

ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ಬಿಂದುಶ್ರೀಯ ಕೈ ಮೇಲೆದ್ದಿತ್ತು. ಪಟಾರ್!

ಹೆಬ್ಬಗೋಡಿಯ ಆ ಗುಜರಿ ಅಂಗಡಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಏಟು ತಿಂದವನು ಬಾಗಿಲು ತುಂಬುವಷ್ಟು ದೊಡ್ಡ ಆಳು. ಕೆನ್ನೆ ಉಜ್ಜಿಕೊಳ್ಳುವುದನ್ನೂ ಮರೆತು ಅವಳ ಮುಖವನ್ನೇ ನೋಡುತ್ತಿದ್ದ. ಅವನ ಕೈಯಲ್ಲಿ ಅಂಚು ಹರಿದ ಹಳೆಯ ಕಾಮಿಕ್ಸ್ ಪುಸ್ತಕ. ಮುಖಪುಟದಲ್ಲಿ ಬೆಂಕಿ ಉಗುಳುವ ರಕ್ಕಸಿ... ಎಡಗೆನ್ನೆ ಪೂರ್ತಿ ಸುಟ್ಟು ಸುಕ್ಕಾದ ರಕ್ಕಸಿ.

ಬಿಂದುಶ್ರೀಯ ಎಡಗೆನ್ನೆಯೂ ಹಾಗೆಯೇ ಇತ್ತು.

"ಇನ್ನೊಂದ್ಸಲ ಅನ್ನಿ ನೋಡೋಣ!"

"ತಪ್ಪು ತಿಳ್ಕೋಬ್ಯಾಡ್ರಿ ಮೇಡಂ... ಬಾಯಿತಪ್ಪಿ ಬಂತು..."

ಅವಳು ಅಂಗಡಿಯವನ ಕಡೆ ತಿರುಗಿದಳು. "ಬಸು ಅಣ್ಣ, ಬೆಳಿಗ್ಗೆ ನಾನು ಹಾಕಿ ಹೋದ ಪುಸ್ತಕ ಇವರ ಕೈಗೆ ಹೆಂಗೆ ಬಂತು? ಎಲ್ಲಾ ಮಿಲ್ಲಿಗೆ ಕಳಿಸಿ, ರುಬ್ಬಿ ಹಾಕ್ಲಿ ಅಂದಿದ್ದೆ ತಾನೆ?"

"ಇವರು ಪೂರ್ತಿ ಕಟ್ಟೇ ತಗೊಂಡ್ಬಿಟ್ರು ಮೇಡಂ. ಗಿರಾಕಿ ಕೇಳಿದ್ರೆ ಕೊಡಲ್ಲ ಅನ್ನೋಕಾಗುತ್ತಾ?"

"ವಾಪಸ್ ಕೊಡ್ರೀ!"

"ಕೊಡಂಗಿಲ್ರಿ," ಎಂದ ಆ ಮನುಷ್ಯ. ಮೆತ್ತನೆಯ ದನಿ, ಹಟ ಮಾತ್ರ ಗಟ್ಟಿ. ಕಟ್ಟನ್ನು ಹೆಗಲಿಗೇರಿಸಿಕೊಂಡು ನಡೆದೇಬಿಟ್ಟ.

ಬಿಂದುಶ್ರೀ ಸೀದಾ ಮನೆಯ ಕಡೆ ನಡೆದಳು. ಎಷ್ಟು ವರ್ಷವಾಗಿತ್ತು ಆ ಹೆಸರು ಕೇಳಿ!

ಅವಳ ಅಪ್ಪ ರಾಮಯ್ಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಬಿಡುವಿನಲ್ಲಿ ಪೇಟೆಯ ಸಣ್ಣ ಪ್ರೆಸ್ಸೊಂದಕ್ಕೆ ದೆವ್ವ, ರಕ್ಕಸರ ಕಾಮಿಕ್ಸ್ ಬರೆದುಕೊಡುತ್ತಿದ್ದ. ಹುಣಸೆ ಮರದ ಒಂಟಿಗಣ್ಣ, ಬಾವಿಯಿಂದ ಏಳುವ ಹಾವಸೆರಾಯ... ಒಂದು ಮಧ್ಯಾಹ್ನ ಅಮ್ಮ ಹೊಲಕ್ಕೆ ಹೋಗಿದ್ದಾಗ, ಅಪ್ಪ ಹಾವಸೆರಾಯನ ಹಲ್ಲು ತಿದ್ದುತ್ತ ಮೈಮರೆತಿದ್ದಾಗ, ಪುಟ್ಟ ಬಿಂದು ಉರಿಯುವ ಸೀಮೆಎಣ್ಣೆ ಸ್ಟವ್ ಮೇಲೆ ಬಿದ್ದಳು.

ಅದನ್ನಾದರೂ ಕ್ಷಮಿಸಬಹುದಿತ್ತು. ಆದರೆ ಮುಂದಿನ ವರ್ಷ ಅಪ್ಪನ ಹೊಸ ರಕ್ಕಸಿ ಬಂದಳು. ಹೆಸರು ಕೆಂಡಿ. ಸುಟ್ಟ ಎಡಗೆನ್ನೆಯ ಕೆಂಡಿ! ಶಾಲೆಯಲ್ಲಿ ಬಿಂದುಶ್ರೀ ಎಂಬ ಹೆಸರು ಅಂದಿಗೇ ಸತ್ತುಹೋಯಿತು. ಅವಳು ಆ ಪುಸ್ತಕಗಳನ್ನು ಒಮ್ಮೆಯೂ ತೆರೆಯಲಿಲ್ಲ. ಅಪ್ಪನೊಂದಿಗೆ ಮನಸ್ಸು ಬಿಚ್ಚಿ ಮಾತಾಡಲೂ ಇಲ್ಲ. ಅಪ್ಪನೂ ಅಷ್ಟೇ, ಅವಳು ಎದುರಿಗೆ ಬಂದರೆ ನೆಲ ನೋಡುತ್ತಿದ್ದ. ಹಾಗೇ ನೆಲ ನೋಡುತ್ತಲೇ ಸತ್ತೂ ಹೋದ.

ಈಗ ಅವಳು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಮೀಟಿಂಗುಗಳಲ್ಲಿ ಕ್ಯಾಮೆರಾ ಆನ್ ಮಾಡುತ್ತಿರಲಿಲ್ಲ.

ಗುಜರಿ ಅಂಗಡಿಯ ಜಗಳವಾದ ಮರುವಾರ ಆಫೀಸಿನಿಂದ ಬಂದವಳು ಗೇಟಿನಲ್ಲೇ ಕಲ್ಲಾದಳು. ಅದೇ ಮನುಷ್ಯ ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದ!

"ಅಮ್ಮಾ! ಯಾರದು?"

"ಮೇಲಿನ ರೂಮಿಗೆ ಬಾಡಿಗೆಗೆ ಬಂದವ್ನೆ ಕಣವ್ವಾ," ಎಂದಳು ಪಿಳ್ಳಮ್ಮ. "ಅನುಮೇಶ ಅಂತೆ, ಸಿಂಧನೂರು ಕಡೆಯೋನು. ಬೊಮ್ಮಸಂದ್ರದ ಫ್ಯಾಕ್ಟರೀಲಿ ಕೆಲ್ಸ. ಒಳ್ಳೆ ಉಡ್ಗ."

"ಒಳ್ಳೆಯವನಂತೆ! ಈಗ್ಲೇ ಖಾಲಿ ಮಾಡ್ಸು!"

"ಮಾತು ಕೊಟ್ಟಿವ್ನಿ. ಇಂಗೆ ಬಂದು ಅಂಗೆ ಓಗು ಅನ್ನಕಾಯ್ತದಾ?"

ಸರಿ, ಅಂದಿನಿಂದ ಯುದ್ಧ ಶುರುವಾಯಿತು. ಅವನು ಸ್ನಾನಕ್ಕಿಳಿದ ಹೊತ್ತಿಗೇ ಇವಳು ನೀರಿನ ಮೋಟರ್ ಆಫ್ ಮಾಡುತ್ತಿದ್ದಳು. ಅವನು ಬಟ್ಟೆ ಒಣಹಾಕಿದರೆ ಹಗ್ಗ ಬಿಚ್ಚುತ್ತಿದ್ದಳು. ಹನುಮೇಶನೂ ಸುಮ್ಮನಿರುವ ಪೈಕಿಯಲ್ಲ. ಅವಳ ಸ್ಕೂಟಿಗೆ ಅಡ್ಡಲಾಗಿ ತನ್ನ ಬೈಕು ನಿಲ್ಲಿಸಿ ಮಲಗಿಬಿಡುತ್ತಿದ್ದ.

"ಬೈಕ್ ತೆಗೀರೀ, ಆಫೀಸಿಗೆ ಲೇಟಾಯ್ತು!"

"ಮೋಟರ್ ಹಚ್ಚ್ರಿ ಮೊದಲ. ಸೋಪು ಹಚ್ಕೊಂಡು ನಿಂತೀನಿ!"

ಪಿಳ್ಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಬಿಂದುಶ್ರೀಗೆ ಮಾತ್ರ ನಗು ಬರುತ್ತಿರಲಿಲ್ಲ. ಇವನನ್ನು ಓಡಿಸಬೇಕು ಎಂದುಕೊಂಡೇ ಏಳುತ್ತಿದ್ದಳು. ಆದರೂ... ಅವನ ಬೈಕಿನ ಸದ್ದು ಕೇಳದ ದಿನ ಕಿಟಕಿಯ ಹತ್ತಿರ ಯಾಕೆ ಹೋಗುತ್ತಿದ್ದಳೋ, ಅದು ಅವಳಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಅವನ ರೂಮಿನ ಬಾಗಿಲು ತೆರೆದಿತ್ತು. ಒಳಗೆ ಗೋಡೆಯ ಮೇಲೆ ಕೆಂಡಿಯ ಚಿತ್ರ. ಅದರ ಸುತ್ತ ಸೀರಿಯಲ್ ಲೈಟು ಬೇರೆ!

ಅವಳ ತಲೆಗೆ ರಕ್ತ ಏರಿತು. ನನ್ನನ್ನು ಅಣಕಿಸುವುದಕ್ಕೇ ಹಾಕಿದ್ದಾನೆ... ನನ್ನ ಮನೆಯಲ್ಲೇ!

ಹನುಮೇಶ ತರಕಾರಿ ತರಲು ಹೋಗಿದ್ದ. ಅವಳು ಒಳಗೆ ನುಗ್ಗಿ ಇಡೀ ಕಟ್ಟನ್ನೇ ಎತ್ತಿಕೊಂಡು ಟೆರೇಸಿಗೆ ಹೋದಳು. ಮೇಲಿನ ಪುಸ್ತಕ ಎಳೆದು ಕಡ್ಡಿ ಗೀರಿದಳು. ಹಳೆಯ ಕಾಗದ ಭಗ್ ಎಂದಿತು.

"ಏಯ್!"

ಮೆಟ್ಟಿಲು ಹಾರಿ ಬಂದ ಹನುಮೇಶ ಉರಿಯುವ ಪುಸ್ತಕವನ್ನು ಬರಿಗೈಯಿಂದಲೇ ಬಡಿಬಡಿದು ಆರಿಸಿದ. ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತು.

"ಹುಚ್ಚಾ ನಿಮಗೆ?" ಅವಳು ಕಿರುಚಿದಳು. "ಒಂದು ಕೊಳಕು ಪುಸ್ತಕಕ್ಕೆ ಕೈ ಸುಟ್ಕೊಳ್ತಾರಾ?"

"ಹುಚ್ಚು ನಿಮಗ್ರಿ! ಮಂದಿ ಖೋಲಿಗೆ ನುಗ್ಗಿ ಕಳವು ಮಾಡ್ತೀರಲ್ಲ, ನಾಚಿಕಿ ಆಗಂಗಿಲ್ಲೇನು?"

"ನಿಮಗಾಗಲ್ವಾ? ಸುಟ್ಟ ಮುಖದವಳನ್ನ ನೋಡಿ ಕೆಂಡಿ ಅಂತೀರಾ! ಗೋಡೆ ಮೇಲೆ ಹಾಕ್ಕೊಂಡು ನಗ್ತೀರಾ!"

"ನಗ್ತೀನಾ?" ಹನುಮೇಶನ ದನಿ ಒಡೆಯಿತು. "ನಮ್ಮವ್ವಗ ಮೈತುಂಬ ತೊನ್ನು ಇತ್ತು. ಊರಾಗ ಆಕಿ ಕೈಯಾಗ ಯಾರೂ ನೀರು ಕುಡೀತಿರಲಿಲ್ಲ. ಸಿಂಧನೂರು ಬಸ್ ಸ್ಟ್ಯಾಂಡಿನ ಅಂಗಡ್ಯಾಗ ಈ ಪುಸ್ತಕ ಸಿಕ್ಕಿತು. ಚರ್ಮ ಬ್ಯಾರೆ ಇದ್ದಾಕಿ ಇದ್ರಾಗ ಗೆದ್ಲು ರಿ... ಎಲ್ಲರನ್ನೂ ಗೆದ್ಲು! ಅವ್ವಗ ಓದಿ ಹೇಳ್ತಿದ್ದೆ. ಸಾಯೂತನಕ ಕೇಳಿದ್ಲು."

ಅವಳು ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟಳು.

"ಆ ದಿನ ಅಂಗಡ್ಯಾಗ ನಿಮ್ಮನ್ನ ನೋಡಿ... ಇಷ್ಟು ವರ್ಷ ನಾ ಕಾದಾಕಿ ಎದುರಿಗೆ ಬಂದ್ಲು ಅನ್ನಿಸಿ ಹೆಸರು ಬಾಯಿಗೆ ಬಂತು. ಅಣಕ ಅಲ್ರಿ ಅದು. ಆದ್ರ ನಿಮ್ಮ ಕೂಡ ಯಾರು ಮಾತಾಡಬೇಕು? ಫ್ಯಾಕ್ಟರ್ಯಾಗ ಪೀಣ್ಯದ ಯೂನಿಟ್ಟಿಗೆ ಹೋಗ್ತಿಯೇನು ಅಂತ ಕೇಳಾಕತ್ಯಾರ. ಹೋಗ್ತೀನಿ. ಪುಸ್ತಕ ನಿಮ್ಮಪ್ಪನವು ಅಂತ ನಿಮ್ಮವ್ವ ಹೇಳ್ಯಾರ. ಸುಡ್ತೀರೋ ಬಿಡ್ತೀರೋ!"

ಅವಳು ಮುಲಾಮು ತಂದು ಮೇಲೆ ಬರುವಷ್ಟರಲ್ಲಿ ಅವನು ಬಾಗಿಲು ಹಾಕಿಕೊಂಡಿದ್ದ. ಆ ವಾರವೇ ರೂಮು ಖಾಲಿಯಾಯಿತು.

ಬೈಕಿಲ್ಲದ ಗೇಟು ಬಿಂದುಶ್ರೀಗೆ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಆ ಸಲೀಸೇ ಅವಳಿಗೆ ಸಹಿಸಲಾಗಲಿಲ್ಲ.

ಕೊನೆಗೊಂದು ರಜಾದಿನ, ಬಿಸಿಲು ಬಿದ್ದ ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದಳು. ಮೊದಲು ಒಂಟಿಗಣ್ಣ. ಥೂ, ಎಂಥ ಪುಸ್ತಕ ಎಂದುಕೊಂಡೇ ಪುಟ ತಿರುಗಿಸಿದಳು... ಮತ್ತೆ ತಿರುಗಿಸಿದಳು. ಒಂಟಿಗಣ್ಣನ ಮೈ ಹುಣಸೆ ತೊಗಟೆಯಂತೆ ಬಿರುಕು ಬಿಟ್ಟಿತ್ತು. ಒಂದೊಂದು ಬಿರುಕನ್ನೂ ಬಿಡದೆ ತಿದ್ದಿದ್ದ ಅಪ್ಪ. ಹಾವಸೆರಾಯನ ಬೆರಳಿನಿಂದ ನೀರು ತೊಟ್ಟಿಕ್ಕುವುದು ನಿಜಕ್ಕೂ ಕೇಳಿಸುವಂತಿತ್ತು. ಕತ್ತಿ ಹಿಡಿದು ಬರುವ ವೀರರು ಮಾತ್ರ ಎಲ್ಲರೂ ಒಂದೇ ಅಚ್ಚು, ಬೇಸರದಿಂದ ಗೀಚಿದ ಮುಖಗಳು. ಅಪ್ಪನ ಪ್ರೀತಿಯೆಲ್ಲ ರಕ್ಕಸರಿಗೇ ಸುರಿದಿತ್ತು.

ತನಗೇ ತಿಳಿಯದಂತೆ ಅವಳು ನಕ್ಕಳು. ಹಾವಸೆರಾಯ ಪಟೇಲನ ಮನೆಗೆ ನುಗ್ಗಿದಾಗ ಬೆಚ್ಚಿಯೂ ಬಿದ್ದಳು. ಛೆ, ಎಷ್ಟು ಚೆನ್ನಾಗಿವೆ ಇವು!

ಆಮೇಲೆ, ಉಸಿರು ಬಿಗಿಹಿಡಿದು, ಕೆಂಡಿ.

ಮೊದಲ ಪುಸ್ತಕದಲ್ಲಿ ಕೆಂಡಿ ಪುಟ್ಟ ಹುಡುಗಿ. ಮುಂದಿನದರಲ್ಲಿ ಎರಡು ಜಡೆ. ಇನ್ನೊಂದರಲ್ಲಿ ಲಂಗ ದಾವಣಿ... ಉಳಿದ ರಕ್ಕಸರು ಇದ್ದ ಹಾಗೇ ಇದ್ದರು. ಕೆಂಡಿ ಒಬ್ಬಳೇ ಬೆಳೆಯುತ್ತಿದ್ದಳು, ಬಿಂದುಶ್ರೀಯ ಜೊತೆ ಜೊತೆಗೆ. ಒಂದು ಪುಟದ ತುಂಬ ಅವಳ ಎಡಗೆನ್ನೆ ಇತ್ತು. ಕೂದಲೆಳೆಗಿಂತ ತೆಳುವಾದ ಗೆರೆಗಳು, ಕಣ್ಣಿನ ಕೆಳಗೆ ಎಳೆದಂತಿದ್ದ ಮಡಿಕೆ, ಕಿವಿಯ ಹತ್ತಿರ ನುಣುಪಾದ ಸಣ್ಣ ಜಾಗ.

ಬಿಂದುಶ್ರೀ ತನ್ನ ಕೆನ್ನೆ ಮುಟ್ಟಿಕೊಂಡಳು. ಅದೇ ಮಡಿಕೆ. ಅದೇ ನುಣುಪು.

ಕಣ್ಣೆತ್ತಿ ನೋಡದ ಅಪ್ಪ... ಇಷ್ಟೆಲ್ಲ ಯಾವಾಗ ನೋಡಿದ?

"ನೀನು ಮಲ್ಗಿರವಾಗ ಪಕ್ಕದಾಗೆ ಕುಂತು ನೋಡ್ತಿದ್ರು," ಎಂದಳು ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮ. "ಎದ್ದಿರವಾಗ ದೈರ್ಯ ಇರ್ಲಿಲ್ಲ ಕಣವ್ವಾ."

"ನಂಗೆ ಯಾಕಮ್ಮ ಹೇಳ್ಲಿಲ್ಲ?"

"ಯಾವತ್ತು ಕೇಳೋಳಿದ್ದೆ ನೀನು?"

ಬಿಂದುಶ್ರೀ ಆ ದಿನ ಅತ್ತಳು. ಸಿಟ್ಟು ಪೂರ್ತಿ ಹೋಗಲಿಲ್ಲ. ಸ್ಟವ್ ಮೇಲೆ ಬಿದ್ದದ್ದು ಸುಳ್ಳಾಗಲಿಲ್ಲ, ಶಾಲೆಯ ಹೀಯಾಳಿಕೆಯೂ ಸುಳ್ಳಾಗಲಿಲ್ಲ. ಆದರೆ ಆ ಸಿಟ್ಟಿನ ಪಕ್ಕದಲ್ಲಿ ಇನ್ನೂ ಏನೋ ಬಂದು ಕೂತಿತ್ತು.

ಅತ್ತು ಮುಗಿಸಿ ಎದ್ದು ನಿಂತಳು. "ಅಮ್ಮ, ಹನುಮೇಶ ಎಲ್ಲಿದ್ದಾರೆ?"

"ಬಾಗಲಗುಂಟೇಲಿ. ನಂಗೆ ಆವಾಗಾವಾಗ ಫೋನ್ ಮಾಡ್ತವ್ನೆ. ಯಾಕೆ, ಅಲ್ಲೂ ಮೋಟರ್ ಆಫ್ ಮಾಡಕಾ?"

"ಅಮ್ಮಾ... ನಂಗೆ ಅವರು ಬೇಕು."

ಪಿಳ್ಳಮ್ಮ ಸೆರಗಿನಿಂದ ಮಗಳ ಮುಖ ಒರೆಸಿದಳು. "ಓಗು ಮತ್ತೆ," ಎಂದಳು.

ಹಳದಿ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರಿಗೆ ಬದಲಿಸಿ, ನಾಗಸಂದ್ರದಲ್ಲಿ ಇಳಿದು, ಆಟೋದವರೊಂದಿಗೆ ಜಗಳವಾಡಿ ಬಾಗಲಗುಂಟೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸಾಲು ಮನೆಗಳ ಮುಂದೆ ಹನುಮೇಶ ಒಂದೇ ಕೈಯಲ್ಲಿ ಕೊಡ ಎತ್ತಲು ಒದ್ದಾಡುತ್ತಿದ್ದ. ಇನ್ನೊಂದು ಕೈಗೆ ಪಟ್ಟಿ ಸುತ್ತಿತ್ತು.

ಅವಳನ್ನು ಕಂಡು ಮುಖ ಗಂಟಿಕ್ಕಿದ. "ಯಾಕ ಬಂದ್ರಿ? ಇಲ್ಲೇನೂ ಸುಡಾಕಿಲ್ಲ."

"ಜಗಳ ಆಡೋಕೆ! ನೀವು ಹೋದ್ಮೇಲೆ ಮನೇಲಿ ಜಗಳಕ್ಕೆ ಯಾರೂ ಇಲ್ಲ."

"ಅಷ್ಟಕ್ಕ ಇಷ್ಟು ದೂರ ಬಂದ್ರೇನು?"

"ತಪ್ಪಾಯ್ತು ಅಂತ ಹೇಳೋಕೂ ಬಂದೆ. ನಿಮ್ಮ ರೂಮಿಗೆ ನುಗ್ಗಬಾರದಿತ್ತು. ಎಲ್ಲಾ ಓದಿದೆ. ಮತ್ತೆ... ಮತ್ತೆ ನಂಗೆ ನೀವಂದ್ರೆ ಇಷ್ಟ. ನಗಬೇಡಿ!"

ಅವನು ನಗಲಿಲ್ಲ. ಕೊಡ ಕೆಳಗಿಟ್ಟ.

"ಆದ್ರೆ ಒಂದು ಹೇಳಿ," ಎಂದಳು ಅವಳು. "ನಿಮಗೆ ಬೇಕಾಗಿರೋದು ಪುಸ್ತಕದ ಆ ಹೆಣ್ಣಾದ್ರೆ ನಾನು ಹೀಗೇ ವಾಪಸ್ ಹೋಗ್ತೀನಿ. ಅವಳು ನಾನಲ್ಲ."

"ಗೊತ್ತೈತ್ರಿ. ಆಕಿಗೆ ನಾ ಎಂದೂ ಅಂಜಿಲ್ಲ," ಎಂದ ಹನುಮೇಶ. "ನಿಮಗ ಅಂಜತಿದ್ದೆ. ಮುಂಜಾನೆ ಮೆಟ್ಟಲ ಮ್ಯಾಲ ನಿಮ್ಮ ಚಪ್ಪಲಿ ಸಪ್ಪಳ ಕೇಳಿದ್ರ ಎದಿ ಡವಡವ ಅಂತಿತ್ತು. ಬೈಕು ಅಡ್ಡ ಹಚ್ಚಿದ್ದು ಯಾಕ ಅಂತೀರಿ? ನೀವು ಬಂದು ಬೈಲಿ ಅಂತ."

"ಎಂಥ ಮನುಷ್ಯ ರೀ ನೀವು!"

"ಈಗರ ಸಿಟ್ಟು ಹೋತೇನ್ರಿ?"

"ಇಲ್ಲ. ಇನ್ನೂ ಇದೆ."

"ಇರಲಿ ತಗೋರಿ. ಒಳಗ ಬರ್ರಿ, ಚಹಾ ಮಾಡ್ತೀನಿ."

"ಆ ಕೈಯಲ್ಲಿ ಏನ್ ಮಾಡ್ತೀಯಾ? ಆಚೆ ಸರಿ, ನಾನೇ ಮಾಡ್ತೀನಿ."

ಬಾಯಿಗೆ ಬಂದ ಏಕವಚನ ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ನಿಂತರು. ಅವಳು ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ನಡೆದಳು.

"ಸಕ್ಕರಿ ಮ್ಯಾಲಿನ ಡಬ್ಬ್ಯಾಗ ಐತಿ," ಎಂದ ಅವನು.

"ಹುಡುಕ್ಕೋತೀನಿ. ನೀನು ಸುಮ್ನೆ ಕೂತ್ಕೋ."