ಸೀಮೆಸುಣ್ಣದ ಗೀಟು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಕಡಿಯುವ ಕಾಲ. ಸಮುದ್ರದಾಚೆಯ ಮಲೈಟಾ ದ್ವೀಪದಿಂದ ಕೂಲಿಗೆ ಬಂದ ನಾವು ಬೆಳಗಾಗುತ್ತಲೇ ಕತ್ತಿ ಹಿಡಿದು ನಿಲ್ಲುತ್ತಿದ್ದೆವು. ಕೆಲಸಕ್ಕೆ ಆಗುವವರ ಅಂಗಿಯ ಬೆನ್ನಿಗೆ ಡಾಕ್ಟರ್ ಟ್ರೆವಿಕ್ ಸೀಮೆಸುಣ್ಣದಲ್ಲಿ ಬಾಲ ಬಾಗಿದ ಗೀಟೊಂದನ್ನು ಎಳೆಯುತ್ತಿದ್ದ. ಜ್ವರದಿಂದ ಗಡಗಡ ನಡುಗುತ್ತಿದ್ದ ನನ್ನಣ್ಣ ಓಫೊಮೇಗೂ ಎಳೆದ. ಮಧ್ಯಾಹ್ನದೊಳಗೆ ಅಣ್ಣ ಕಬ್ಬಿನ ಸಾಲಿನಲ್ಲೇ ಸತ್ತ. 'ಆಳು ಗಟ್ಟಿಯಾಗಿದ್ದ, ಸೋಮಾರಿ' ಎಂದು ಟ್ರೆವಿಕ್ ಬರೆದುಕೊಂಡ.

ನಮ್ಮ ಪದ್ಧತಿಯಂತೆ ಅಣ್ಣನ ಅಂಗಿಯನ್ನು ಗೋರಿಯ ಮೇಲೆ ಹಾಸಿ ಕಲ್ಲು ಹೇರಿದೆವು. ಮಳೆಗಾಲವೆಲ್ಲ ನೆನೆದರೂ ಆ ಗೀಟು ಅಳಿಯಲಿಲ್ಲ.

ಮರುವರ್ಷ ಅದೇ ಟ್ರೆವಿಕ್ ಶಾಸನಸಭೆಗೆ ನಿಂತ. ಭಾಷಣದ ದಿನ ನಮ್ಮ ಕತ್ತಿ ಕೆಳಗಿಡಿಸಿ ಅಂಗಳದಲ್ಲಿ ನಿಲ್ಲಿಸಿದರು. ಓಟಿಲ್ಲದ ನಾವು ಚಪ್ಪಾಳೆಗೆ ಬೇಕಿದ್ದೆವು.

"ನನ್ನ ಕೈಯಲ್ಲಿ ಒಬ್ಬ ಕೂಲಿಯೂ ಸತ್ತಿಲ್ಲ," ಎಂದ ಟ್ರೆವಿಕ್.

"ಹೌದಪ್ಪಾ, ನಿನ್ನ ಕೈ ಬಿಟ್ಟಮೇಲೇ ಎಲ್ಲರೂ ಸತ್ತರು," ಎಂದು ನಮ್ಮ ಮಾತಿನಲ್ಲಿ ಗೊಣಗಿದ ಪಕ್ಕದ ಮುದುಕ ಮೈಫಾಸಿಯ.

ನೀರು ಕುಡಿಯಲು ಟ್ರೆವಿಕ್ ತಿರುಗಿದ. ಕಪ್ಪು ಕೋಟಿನ ಬೆನ್ನ ಮೇಲೆ ಬಾಲ ಬಾಗಿದ ಬಿಳಿ ಗೀಟು. ಅವನ ಹೆಂಡತಿ ಕರವಸ್ತ್ರದಿಂದ ಒರೆಸಿದಳು, ಹೋಯಿತು. ಮತ್ತೆ ತಿರುಗಿದಾಗ ಅಲ್ಲೇ ಇತ್ತು. ಸುಡುವ ಬಿಸಿಲಿನಲ್ಲಿ ಅವನ ಹಲ್ಲು ಕಟಕಟ ಎನ್ನತೊಡಗಿತು.

"ಯಾರು ಎಳೆದರೋ, ತಮ್ಮಾ?"

"ಅವನ ಹಿಂದೆ ಬರೀ ಗೋಡೆ, ಅಜ್ಜಾ."

ಚುನಾವಣೆಯಲ್ಲಿ ಅವನೇ ಗೆದ್ದ, ಅದು ಬಿಡಿ. ಆ ಸಂಜೆ ನಾನು ಗೋರಿಗೆ ಹೋದೆ. ಹೇರಿದ ಕಲ್ಲು ಹೇರಿದಂತೆಯೇ ಇತ್ತು. ಅಂಗಿಯ ಮೇಲೆ ಗೀಟಿರಲಿಲ್ಲ. ಬಟ್ಟೆ ಮಾತ್ರ, ಜ್ವರ ಬಿಟ್ಟವನ ಅಂಗಿಯಂತೆ, ಬೆವರಿನಲ್ಲಿ ತೊಯ್ದಿತ್ತು.