ಭಾನುವಾರ ಹೋಗದವನು

"ಕೂತ್ಕೊಳಿ. ಮೊದಲು ನೀರು ಕುಡೀರಿ. ಮಾತೆಲ್ಲ ಆಮೇಲೆ."

ಟೆಸ್ಸಾ ಅಷ್ಟು ಗಡುಸಾಗಿ ಹೇಳಿದ್ದಕ್ಕೆ ಆ ಎತ್ತರದ ಮನುಷ್ಯ ತೆಪ್ಪಗೆ ಕುರ್ಚಿಯಲ್ಲಿ ಕುಸಿದ. ಮುಖ ಬಿಳಿಚಿಕೊಂಡಿತ್ತು. ಲಾರ್ಕ್ ಪಾಸ್‌ನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಒಂಬತ್ತು ವರ್ಷ ಕಳೆದ ಅವಳಿಗೆ ಇಂಥವರು ಹೊಸಬರಲ್ಲ. ಗಾಳಿ ತೆಳುವಾದ ಕೊಲೊರಾಡೊದ ನಮ್ಮ ಬೆಟ್ಟದೂರಿಗೆ ಬಯಲು ಸೀಮೆಯವರು ಬಂದರೆ ಮೊದಲ ದಿನ ಏದುಸಿರೇ ಗತಿ.

"ಟೆಕ್ಸಸ್‌ನೋರು ತಾನೆ?"

"ಹೇಗೆ ಗೊತ್ತಾಯ್ತು?"

"ನಂಬರ್ ಪ್ಲೇಟು. ಅಲ್ಲದೆ ನಿಮ್ಮ ಗಾಡಿ ಗಾಜಲ್ಲಿ ಒಂದು ಬಿರುಕೂ ಇಲ್ಲ."

ಹಿಮದ ರಸ್ತೆಗೆ ಜಾರದಿರಲೆಂದು ಚೆಲ್ಲುವ ಜಲ್ಲಿ ಸಿಡಿದು ನಮ್ಮೂರಿನ ಗಾಡಿಗಳ ಮುಂಗಾಜೆಲ್ಲ ಬಿರುಕು ಬಿಟ್ಟಿರುತ್ತದೆ. ಗಾಜು ನೆಟ್ಟಗಿದ್ದರೆ ಅವನು ಪ್ರವಾಸಿ. ಇದರಲ್ಲಿ ನಮಗೆ ಎರಡು ಮಾತಿಲ್ಲ.

"ನಾನು ಡೇರಿಯೊ," ಎಂದ ಅವನು ಉಸಿರು ಸರಿಪಡಿಸಿಕೊಂಡು. "ಈಗ ಶಿಖರ ಹತ್ತಬಹುದಾ?"

"ಹನ್ನೊಂದು ಗಂಟೆಗಾ? ಮಧ್ಯಾಹ್ನದೊಳಗೆ ಇಳಿದಿರಬೇಕು. ಆಮೇಲೆ ಸಿಡಿಲು ಬರುತ್ತೆ. ಟೆಕ್ಸಸ್‌ನೋರು ಅಂತ ಸಿಡಿಲು ದಾಕ್ಷಿಣ್ಯ ನೋಡಲ್ಲ."

ಅವನು ನಕ್ಕ. ಆ ನಗು ನೋಡಿ ಟೆಸ್ಸಾಳ ಎದೆ ಒಮ್ಮೆ ಝಲ್ಲೆಂದಿತು.

'ಸುಮ್ಮನಿರು... ಪ್ರವಾಸಿ ಅವನು,' ಎಂದು ಎದೆಗೆ ಗದರಿದಳು.

ಪ್ರವಾಸಿಗರಿಗೆ ಕೊಡುವ ಕಾಗದದಲ್ಲಿ ಅವಳೇ ಬರೆದ ಹನ್ನೆರಡು ಸಲಹೆಗಳಿದ್ದವು. ಹದಿಮೂರನೆಯದು ಅವಳ ಮನಸ್ಸಿನಲ್ಲಿ ಮಾತ್ರ ಇತ್ತು: ಭಾನುವಾರ ಹೊರಟುಹೋಗುವವನಿಗೆ ಮನಸ್ಸು ಕೊಡಬೇಡ. ಒಮ್ಮೆ ಕೊಟ್ಟು, 'ಮತ್ತೆ ಬರ್ತೀನಿ' ಎಂದವನಿಗಾಗಿ ಎರಡು ಚಳಿಗಾಲ ಕಾದಿದ್ದಳು ಪಾಪ.

ಡೇರಿಯೊ ಮರುದಿನವೂ ಬಂದ. ಅದರ ಮರುದಿನವೂ ಬಂದ.

"ಕಡವೆ ಎದುರಾದ್ರೆ ಏನು ಮಾಡೋದು?"

"ಫೋಟೊ ತೆಗೆಯೋದು ಬಿಟ್ಟು ಮರದ ಹಿಂದೆ ಹೋಗೋದು."

"ಅಳಿಲಿಗೆ ಕಡಲೆಕಾಯಿ ಹಾಕಬಹುದಾ?"

"ಹಾಕಬಾರದು."

"ನೋಡಿ ನಗಬಹುದಾ?"

"ಅದಕ್ಕೆ ಅಡ್ಡಿಯಿಲ್ಲ," ಎಂದವಳು ತಾನೇ ನಕ್ಕುಬಿಟ್ಟಳು.

ಅವನು ಹೋದ ಮೇಲೆ, ಪಕ್ಕದ ಮೇಜಿನ ಮುದುಕಿ ಬರ್ನೀಸ್ ಕನ್ನಡಕದ ಮೇಲಿಂದ ನೋಡಿದಳು.

"ದಪ್ಪಕ್ಷರದಲ್ಲಿ ಬರೆದಿರೋದನ್ನೇ ಬಂದು ಬಂದು ಕೇಳ್ತಾನಲ್ಲೇ. ಓದೋಕೆ ಬರಲ್ವೇನೋ ಪಾಪ. ಇಲ್ಲಾ, ಓದ್ತಿರೋದು ನಿನ್ನ ಮುಖಾನೋ?"

"ನಿನ್ನ ಕೆಲಸ ನೋಡು ಬರ್ನೀಸ್."

"ಅದನ್ನೇ ನೋಡ್ತಿದೀನಿ ಕಣೆ. ತುಂಬಾ ಚೆನ್ನಾಗಿದೆ."

ಶನಿವಾರ ಡೇರಿಯೊ ಟೋಪಿ ಕೈಯಲ್ಲಿ ಹಿಡಿದು ನಿಂತ. "ಟೆಸ್ಸಾ, ನಿಮಗೊಂದು ವಿಷಯ ಹೇಳ್ಬೇಕು. ನಾಳೆ ಭಾನುವಾರ..."

ಹೆದರಿದಾಗೆಲ್ಲ ಟೆಸ್ಸಾ ಸಲಹೆ ಕೊಡುತ್ತಾಳೆ.

"ಗೊತ್ತು. ಭಾನುವಾರ ಎಲ್ಲರೂ ಹೋಗ್ತಾರೆ. ಬೆಳಿಗ್ಗೆ ಏಳರೊಳಗೆ ಹೊರಡಿ, ಆಮೇಲೆ ಹೆದ್ದಾರಿ ತುಂಬುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತಿಹಿಡೀಬೇಡಿ, ಸಣ್ಣ ಗೇರಲ್ಲಿ ಇಳೀರಿ."

"ಅದಲ್ಲ, ನಾನು ಹೇಳೋಕೆ ಬಂದಿದ್ದು..."

"ಶುಭ ಪ್ರಯಾಣ."

ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಭಾನುವಾರ ಟೆಸ್ಸಾ ಕಿಟಕಿಯಲ್ಲಿ ನಿಂತು, ಬೆಟ್ಟ ಇಳಿಯುವ ಕಾರುಗಳ ಸಾಲು ನೋಡುತ್ತಲೇ ಇದ್ದಳು. 'ಅವನ ಮಾತನ್ನು ಪೂರ್ತಿ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು...' ರಾತ್ರಿ ಮನೆಯಲ್ಲಿ ಅಳುತ್ತಲೇ ಬರ್ನೀಸ್‌ಗೆಂದು ಪೀಚ್ ಹಣ್ಣಿನ ಪೈ ಬೇಯಿಸಿದಳು. ಬೆಳಿಗ್ಗೆ ಮರೆಯದಿರಲೆಂದು ಕಾರಿನ ಸೀಟಿನ ಮೇಲಿಟ್ಟಳು. ಬಾಗಿಲಿಗೆ ಬೀಗ ಹಾಕಲಿಲ್ಲ! 'ಕಾರಿನಲ್ಲಿ ತಿಂಡಿ ಬಿಡಬೇಡಿ, ಬೀಗ ಹಾಕಿ, ಕರಡಿಗೆ ಬಾಗಿಲು ತೆಗೆಯಲು ಬರುತ್ತದೆ' ಎಂದು ಊರಿಗೆಲ್ಲ ಹಂಚಿದ ಮಹಾತಾಯಿ ಈಕೆಯೇ.

ಸೋಮವಾರ ಬೆಳಿಗ್ಗೆ ಆರಕ್ಕೆ ಹಾರ್ನ್ ಕೇಳಿ ಎಚ್ಚರವಾಯಿತು. ಪೀಂ... ಪೀಂ...

ಹೊರಗೆ ಅವಳ ಕಾರಿನ ಚಾಲಕನ ಸೀಟಿನಲ್ಲಿ ಕರಡಿ ಕೂತಿತ್ತು. ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿಕೊಂಡಿತ್ತು. ಹೊರಗಿನಿಂದ ಬಾಗಿಲು ತೆಗೆದು ಒಳಹೋಗುವುದಷ್ಟೇ ಅದಕ್ಕೆ ಗೊತ್ತು.

ಶೆರಿಫ್‌ನ ಪೊಲೀಸ್ ಕಚೇರಿಗೆ ಫೋನ್ ಮಾಡಿದ ಹತ್ತು ನಿಮಿಷಕ್ಕೆ ಜೀಪು ಬಂತು. ಸಮವಸ್ತ್ರದಲ್ಲಿ, ಹಗ್ಗ ಹಿಡಿದು ಇಳಿದವನು ಡೇರಿಯೊ.

"ನೀವು... ಹೋಗ್ಲಿಲ್ವಾ?"

"ಕೆಲಸಕ್ಕೆ ಸೇರಿದ್ದೇ ಇವತ್ತು. ಮೊದಲನೇ ದೂರು ನಿಮ್ಮದು." ಅವನು ಕಾರಿನತ್ತ ನೋಡಿದ. "ಒಳಗಿರೋರು ಪ್ರವಾಸಿನಾ?"

"ಇಲ್ಲ. ಊರೋರೇ."

ಅವನು ಬಾಗಿಲಿನ ಹಿಡಿಗೆ ಹಗ್ಗ ಕಟ್ಟಿ, ಜೀಪಿನ ಹಿಂದೆ ನಿಂತು ಎಳೆದ. ಕರಡಿ ಇಳಿಯಿತು. ಮುಖಕ್ಕೆಲ್ಲ ಪೀಚ್ ಮೆತ್ತಿಕೊಂಡು, ಯಾರಿಗೂ ಧನ್ಯವಾದ ಹೇಳದೆ ಕಾಡು ಸೇರಿತು. ಕಾರಿನೊಳಗೆ ಸೀಟು ಎನ್ನುವಂಥದ್ದು ಏನೂ ಉಳಿದಿರಲಿಲ್ಲ.

ಡೇರಿಯೊ ಪುಸ್ತಕ ತೆಗೆದ. "ಎಚ್ಚರಿಕೆ ಪತ್ರ ಬರೀಬೇಕು. ಬೀಗ ಹಾಕದೇ ಇದ್ದದ್ದಕ್ಕೆ ಕಾರಣ?"

"ಅದೂ ಬೇಕಾ?"

"ಇಲ್ಲೊಂದು ಕಾಲಂ ಇದೆ."

ಟೆಸ್ಸಾ ನೆಲ ನೋಡಿದಳು. ಈ ಸಲ ಸಲಹೆ ಯಾವುದೂ ಬಾಯಿಗೆ ಬರಲಿಲ್ಲ.

"ಒಬ್ರು ಹೊರಟುಹೋದ್ರು ಅಂತ ಅಳ್ತಾ ಇದ್ದೆ. ಬರ್ಕೊಳಿ."

ಅವನ ಪೆನ್ನು ನಿಂತಿತು.

"ಇಲ್ಲೇ ಇರೋಕೆ ಬಂದೋನು ಅಂತ ಮೊದಲನೇ ದಿನವೇ ಹೇಳ್ಬೇಕಿತ್ತು," ಎಂದ ಮೆಲ್ಲಗೆ. "ಹೇಳಿದ್ರೆ ದಿನಾ ಬಂದು ನಿಮ್ಮನ್ನ ಕೇಳೋಕೆ ನೆಪ ಇರ್ತಿರಲಿಲ್ಲ. ಶನಿವಾರ ಹೇಳೋಕೆ ಬಂದೆ. ನೀವು ಗೇರಿನ ಪಾಠ ಮಾಡಿ ಕಳಿಸಿದ್ರಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಆದರೂ ಒಳಗಿನ ಹೆದರಿಕೆ ಕೇಳಿಯೇ ಬಿಟ್ಟಿತು.

"ಏಪ್ರಿಲ್‌ನಲ್ಲಿ ಹಿಮ ಕರಗಿ ಊರೆಲ್ಲ ಕೆಸರಾಗುತ್ತೆ. ಹೋಟೆಲೂ ಮುಚ್ಚಿರುತ್ತೆ. ಆಗ ಇಲ್ಲಿ ಯಾರೂ ಇರಲ್ಲ, ಡೇರಿಯೊ."

"ನೀನಿರ್ತೀಯಾ?"

"ನಾನೆಲ್ಲಿಗೆ ಹೋಗ್ಲಿ... ಇರ್ತೀನಿ."

ಅವನು ಪುಸ್ತಕ ಮುಚ್ಚಿ ಅವಳ ಕೈ ಹಿಡಿದುಕೊಂಡ.

"ಹಾಗಾದ್ರೆ ಇಬ್ಬರಿರ್ತೀವಿ."