ಮಗ್ಗದಡಿಯ ಕನ್ನಡಿ

"ಸತ್ತ ಮಗನ್ನ ಕಳ್ಳ ಅಂದಾರ್ರೀ, ವಕೀಲ್ರ!" ಅನ್ನುತ್ತ ತಾರವ್ವ ಕಚೇರಿಯ ಹೊಸ್ತಿಲಲ್ಲೇ ಕುಸಿದಳು. ಗುಮಾಸ್ತ ಗೂಳಪ್ಪ ಓಡಿಬಂದು ಅವಳನ್ನು ಹಿಡಿದೆತ್ತಿದ. ಜಮಖಂಡಿ ಕೋರ್ಟಿನಲ್ಲಿ ವಕೀಲೆ ಅನುರಾಧಾ ಬಾಯಾರ ಫೈಲು ಹೊತ್ತು ಎಷ್ಟೋ ಅಳು ಕೇಳಿದ್ದ ಅವನು. ಇದು ಬೇರೆಯಾಗಿತ್ತು.

ಅವಳ ಮಗ ಪ್ರಭುಲಿಂಗ ಬನಹಟ್ಟಿಯ ನೇಕಾರ. ಸೀರೆಯ ಸೆರಗಿಗೆ ಚಿತ್ತಾರ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿ ಓಣಿಗೆಲ್ಲ ಪುಕ್ಕಟೆ ಹಂಚಿದ್ದ. ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಈಗ ಪತ್ರಿಕೆ ಅದನ್ನು ಕದ್ದ ಮಾಲು ಅಂದಿತ್ತು.

ಗೂಳಪ್ಪ ಸುದ್ದಿ ಓದಿದ: "ಹೆಸರು ಹೇಳಲಿಚ್ಛಿಸದ ನಿಜವಾದ ನಿರ್ಮಾತೃ ನಮ್ಮೊಂದಿಗೆ ಮಾತನಾಡಿ, ಚಿತ್ರ ಉಲ್ಟಾ ಮೂಡುವ ದೋಷವನ್ನು ಶೀಘ್ರವೇ ಸರಿಪಡಿಸುವುದಾಗಿ ತಿಳಿಸಿದ್ದಾರೆ."

"ನಿನ್ನ ಮಗ ಏನಂತಿದ್ದ, ತಾರವ್ವ?" ಬಾಯಾರು ಕೇಳಿದರು.

"ಇದು ನನ್ನೊಬ್ಬನದಲ್ಲಬೇ ಯವ್ವಾ ಅಂತಿದ್ದ. ದೇಶದೇಶದ ಮಂದಿ ಮಾಡಿ ಪುಕ್ಕಟೆ ಕೊಟ್ಟಾರ, ನಾ ನಮ್ಮ ಮಗ್ಗಕ್ಕ ಹೊಂದಿಸೇನಿ, ಅದಕ್ಕ ಪುಕ್ಕಟೇನ ಕೊಡಬೇಕು ಅಂತಿದ್ದ."

ಬನಹಟ್ಟಿಯ ಮನೆಯಲ್ಲಿ ಮಗ್ಗ ಸುಮ್ಮನೆ ನಿಂತಿತ್ತು. ಅರ್ಧ ನೇಯ್ದ ಸೀರೆಯ ಕೆಳಗೆ, ನೇಕಾರ ಕಾಲಿಳಿಬಿಡುವ ಕುಣಿಯಲ್ಲೊಂದು ದುಂಡು ಕನ್ನಡಿ ಇತ್ತು. ತಲೆ ಬಾಚಿಕೊಳ್ಳಲಿಕ್ಕೆ ಇಟ್ಟಿರಬೇಕು ಅಂದುಕೊಂಡ ಗೂಳಪ್ಪ. ಪಾಪ, ಬೀಳಗಿಯ ಕುರಿ ಕಾಯುವ ಮನೆತನದವನಿಗೆ ಮಗ್ಗದ ಗಂಧವೇ ಇರಲಿಲ್ಲ. ನೇಕಾರರ ಮನೆಯಲ್ಲೇ ಹುಟ್ಟಿದ ಬಾಯಾರು ಮಾತ್ರ ಕನ್ನಡಿಯನ್ನೇ ನೋಡುತ್ತ ನಿಂತರು.

ಪತ್ರಿಕೆಗೆ ಹೀಗೆ ಹೇಳಿದವರು ಯಾರೆಂದರೆ ಓಣಿಯವರ ಬಾಯಲ್ಲಿ ಒಂದೇ ಹೆಸರು: ಗಿರಮಲ್ಲಪ್ಪ. ಪ್ರಭುಲಿಂಗನ ಜೊತೆಗೇ ನೇಯುತ್ತಿದ್ದ ಗೆಳೆಯ. ಸಾಯುವ ಮುಂಚೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟಿತ್ತು. ಇವನೇ, ಅನುಮಾನವೇ ಇಲ್ಲ ಅಂದ ಗೂಳಪ್ಪ. ಕಂಪ್ಯೂಟರ್ ಬಲ್ಲ ಇನ್ನೊಬ್ಬನೆಂದರೆ ಮುಧೋಳದಿಂದ ಬಂದು ಕ್ಲಾಸು ನಡೆಸುತ್ತಿದ್ದ ತುಕಾರಾಮ. ಅವನೋ ಸತ್ತವನ ಹೆಸರೆತ್ತಿದರೆ ಸಾಕು, ಕಣ್ಣೊರೆಸಿಕೊಳ್ಳುತ್ತಿದ್ದ. ಸುದ್ದಿ ಬರೆದ ವರದಿಗಾರ ಮಹಾಲಿಂಗ ತನಗೆ ಹೇಳಿದವನ ಹೆಸರು ಬಿಟ್ಟುಕೊಡಲು ಒಪ್ಪಲೇ ಇಲ್ಲ.

ಭಾನುವಾರ ಬಾಯಾರು ಮೂವರನ್ನೂ ಅದೇ ಮಗ್ಗದ ಮುಂದೆ ಕೂಡಿಸಿದರು. ಪ್ರಭುಲಿಂಗನ ಕಂಪ್ಯೂಟರ್ ಹಚ್ಚಿಸಿದರು. ಪರದೆಯ ಮೇಲೆ ಸೆರಗು ಮೂಡಿತು, ಉಲ್ಟಾ.

"ಇದನ್ನ ಮತ್ತ ಹಂಚೂಣು. ತುಕಾರಾಮ, ಏನರೆ ತಿದ್ದೂದೈತೇನು?"

"ಚಿತ್ರ ಉಲ್ಟಾ ಬರ್ತೈತಲ್ರಿ. ಮೊದ್ಲ ಅದನ್ನ ನೆಟ್ಟಗ ಮಾಡ್ಬೇಕ್ರಿ."

"ಮಣ್ಣು ಮಾಡ್ತಿ!" ಗಿರಮಲ್ಲಪ್ಪ ಎದ್ದೇ ನಿಂತ. "ಅದು ಇರೂದ ಹಂಗಲೇ!"

ಬಾಯಾರು ಗೂಳಪ್ಪನನ್ನು ಮಗ್ಗದ ಮೇಲೆ ಕೂಡಿಸಿದರು. ಎದುರಿಗೆ ಬರೀ ಗೋಜಲು ಎಳೆಗಳು. ಕೆಳಗೆ ಕನ್ನಡಿಯಲ್ಲಿ ಮಾತ್ರ ನವಿಲು ನಗುತ್ತಿತ್ತು! ಅಯ್ಯೋ ನನ್ನ ತಲೆಯೇ ಅಂದುಕೊಂಡ ಗೂಳಪ್ಪ.

"ಈ ಸೀರಿ ನೇಯೂದ ಬೋರಲಾಗಿ," ಅಂದರು ಬಾಯಾರು. "ಕೂತವನ ಕಣ್ಣಿಗೆ ಹಿಂಬದಿ ಕಾಣ್ತೈತಿ. ಮುಂಬದಿ ನೋಡಾಕ ಕನ್ನಡಿ. ಪ್ರಭುಲಿಂಗ ನೇಕಾರನ ಕಣ್ಣಿಗೆ ಕಂಡಂಗ ಪ್ರೋಗ್ರಾಂ ಮಾಡಿದ. ಪೇಪರಿನವರ ಮುಂದ ಇದನ್ನ ದೋಷ ಅಂದಾವ ಮಗ್ಗದಾಗ ಎಂದೂ ಕೂತಾವಲ್ಲ. ಗಿರಮಲ್ಲಪ್ಪ ಜಗಳಕ್ಕ ಸುಳ್ಳು ಹೇಳಿದ್ರೂ ಈ ಮಾತು ಅವನ ಬಾಯಾಗ ಬರ್ತಿರಲಿಲ್ಲ. ಮೊದ್ಲ ಸತ್ತಾವನ್ನ ಕಳ್ಳ ಮಾಡೂದು, ಮಂದಿ ನಂಬಿದ ಮ್ಯಾಲ ಮಾಲಕ ಆಗಿ ಬಂದು ಮಾರೂದು. ಹೌದಿಲ್ಲೋ ತುಕಾರಾಮ?"

ತುಕಾರಾಮ ಎದ್ದು ಕೈ ಮುಗಿದ. ಗಿರಮಲ್ಲಪ್ಪ ಮಗ್ಗದ ಕಂಬ ಹಿಡಿದು ಮಗುವಿನಂತೆ ಅತ್ತುಬಿಟ್ಟ.

"ಇದನ್ನ ಯಾರು ಮಾಡ್ಯಾರಂತ ನೀವರೆ ಓಣ್ಯಾಗ ಕೇಳ್ಬಾರದೇನ್ರಿ?" ಅಂದ ಗೂಳಪ್ಪ, ಮಹಾಲಿಂಗನತ್ತ ತಿರುಗಿ.

"ಎಲ್ಲಾರೂ ಕೂಡಿ ಮಾಡೀವಿ ಅಂದ್ರ ಸುದ್ದಿ ಹೆಂಗ ಆಗ್ತೈತ್ರಿ? ಒಬ್ಬ ಮಾಲಕ ಬೇಕಲ್ರಿ." ಮಹಾಲಿಂಗನ ದನಿ ಸಣ್ಣದಾಗಿತ್ತು. "ತಪ್ಪಾತು. ತಿದ್ದಿ ಬರೀತೇನ್ರಿ."

ಬರೆದ. ಗೂಳಪ್ಪನೇ ಪತ್ರಿಕೆ ಹಿಡಿದು ಓಡಿದ. ಮಗನ ಫೋಟೋ ಕಂಡು ತಾರವ್ವನ ಕಣ್ಣು ತುಂಬಿ ಬಂತು. "ಓದೋ ಯಪ್ಪಾ" ಅಂದಳು.

"ಪ್ರಭುಲಿಂಗ ಕಳ್ಳನಲ್ಲ. ಯಾರ ನೆರವೂ ಇಲ್ಲದೆ, ಏಕಾಂಗಿಯಾಗಿ ಈ ತಂತ್ರಾಂಶವನ್ನು ಸೃಷ್ಟಿಸಿದ ಪ್ರತಿಭೆ…" ಗೂಳಪ್ಪ ಅಲ್ಲಿಗೇ ಓದು ನಿಲ್ಲಿಸಿದ.

ತಾರವ್ವ ಫೋಟೋ ಸವರಿದಳು.

"ಒಬ್ಬನ ಅಂತ ಬರದಾರೇನು? ಮತ್ತ ದೇಶದೇಶದಾಗ ಮಾಡಿ ಕೊಟ್ಟ ಉಳಿದ ಹುಡುಗರು?" ಅಂದಳು. "ಅವ್ರ ಅವ್ವಗೋಳು ಇದನ್ನ ಓದಿದ್ರ, ನನ್ನ ಮಗನ್ನ ಕಳ್ಳ ಅನ್ನಂಗಿಲ್ಲೇನೋ ಯಪ್ಪಾ?"